“ತಲೆಗೆ ಹತ್ತುವುದು” ಎಂದರೇನು?

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಕಾರ್ಯದಲ್ಲಿ ಇಪ್ಪತ್ತು ವರುಷಗಳಿಗೆ ಮೇಲ್ಪಟ್ಟು ಸೇವೆಮಾಡುತ್ತಿರುವ ನಮಗೆ ತಾಯ್ತಂದೆಗಳ ಬಾಯಿಂದ ಒಂದು ಮಾತನ್ನು ಪದೇ ಪದೇ ಕೇಳಿ ಅಭ್ಯಾಸವಾಗಿರುವುದು. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮಾರನೆಯ ದಿನ ಅವರು ಕಚೇರಿಯ ಬಾಗಿಲಲ್ಲಿ ನಿಂತು, “ಅಮ್ಮನವರೇ, ಇವಳಿಗೆ ಓದು ತಲೆಗೆ ಹತ್ತುವುದಿಲ್ಲ” ಎನ್ನುವರು. ಮಗಳು ಪಕ್ಕದಲ್ಲಿಯೇ ನೆಲವನ್ನು ನೋಡುತ್ತ ನಿಂತಿರುವಳು. ಈ ಮಾತಿನಲ್ಲಿ ದ್ವೇಷವೇನೂ ಇರದು. ಈ ವರುಷ ಮಳೆ ಬರಲಿಲ್ಲವೆಂದು ಹೇಳುವ ಧ್ವನಿಯಲ್ಲಿಯೇ ಇದನ್ನೂ ಹೇಳುವರು. ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನು ಬರೆಯಲು ನಮಗಿಂತ ಹಿರಿಯರಿರುವುದರಿಂದ, ಈ ಒಂದು ಮಾತನ್ನೇ ಪರೀಕ್ಷಿಸಿ ನೋಡೋಣವೆಂದು ಎಣಿಸಿದೆವು. ತಲೆಗೆ ಹತ್ತುವುದೆಂದರೆ ಏನು? ಹತ್ತತಕ್ಕ ವಸ್ತು ಯಾವುದು? ಅದು ಹತ್ತುವ ಬಗೆ ಯಾವುದು?

ಸಾಮಾನ್ಯವಾಗಿ ಜನರು ತಲೆಯನ್ನು ಕಣಜವೆಂದು ಭಾವಿಸಿರುವರು. ಕೆಲವರ ಕಣಜವು ದೊಡ್ಡದು, ಕೆಲವರದು ಚಿಕ್ಕದು. ಚಿಕ್ಕ ಕಣಜದಲ್ಲಿ ಹೆಚ್ಚು ಧಾನ್ಯವು ಹಿಡಿಸಲಾರದು ಎಂಬುದು ಅವರ ತರ್ಕ. ಆದರೆ ತಲೆಯೊಳಗಿರುವ ವಸ್ತುವನ್ನು ನಿಜವಾಗಿ ಕಂಡವರಿಗೆ ಈ ಹೋಲಿಕೆಯು ಸರಿಯೆನಿಸದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳುಗಳ ಸಂಗ್ರಹಾಲಯವೊಂದುಂಟು. ಅಲ್ಲಿ ಸಂದರ್ಶಕರು ಮನುಷ್ಯರ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಮ್ಮ ಹತ್ತನೆಯ ತರಗತಿಯ ಬಾಲಕಿಯರನ್ನು ಒಂದು ಸಾರಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮೊದಲು ಹಿಂಜರಿದವರೂ ಆಮೇಲೆ ಕೈಯೊಡ್ಡಿದರು. ಒಬ್ಬಳು ಅದನ್ನು ಹಿಡಿದುಕೊಂಡು, “ಇಷ್ಟೇಯೇ?” ಎಂದು ಮೆಲ್ಲಗೆ ಕೇಳಿದಳು. ತೂಕದಲ್ಲಿ ಒಂದೂವರೆ ಕಿಲೋಗ್ರಾಮಿಗೂ ಕಡಿಮೆಯಾದ ಆ ಮುದ್ದೆಯನ್ನು ಕಂಡವರಿಗೆ ಈ ಪ್ರಶ್ನೆಯು ಸಹಜವಾದುದೇ.

ಆದರೆ ಕಣ್ಣಿಗೆ ಮುದ್ದೆಯಾಗಿ ತೋರುವ ಇದು ಸೂಕ್ಷ್ಮದರ್ಶಕದ ಕೆಳಗೆ ದೊಡ್ಡ ಅಡವಿಯಾಗಿ ಕಾಣುವುದು. ಬ್ರೆಜಿಲ್ ದೇಶದ ಸುಜಾನಾ ಹರ್ಕುಲಾನೋ ಹೌಜೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ೨೦೦೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿರುವುವು. ಒಂದೊಂದು ನರಕೋಶಕ್ಕೂ ಮರಕ್ಕಿರುವಂತೆ ಅನೇಕ ಕೊಂಬೆಗಳುಂಟು. ಇವುಗಳ ಮೂಲಕ ಅದು ಇತರ ಕೋಶಗಳ ಸಮಾಚಾರವನ್ನು ತೆಗೆದುಕೊಳ್ಳುವುದು. ಇವುಗಳಲ್ಲದೆ ಒಂದು ನೀಳವಾದ ತಂತುವುಂಟು. ಅದರ ಮೂಲಕ ತನ್ನ ಸಮಾಚಾರವನ್ನು ಹೊರಗೆ ಕಳುಹಿಸುವುದು. ಬೆನ್ನುಹುರಿಯಿಂದ ಕಾಲಿನ ತುದಿಗೆ ಹೋಗುವ ತಂತುವು ಬೆಳೆದವರಲ್ಲಿ ಸುಮಾರು ಒಂದು ಮೀಟರು ಉದ್ದವಿರುವುದು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶವೊಂದು ಅಷ್ಟು ದೂರಕ್ಕೆ ಕೈಚಾಚಿರುವುದನ್ನು ಆಲೋಚಿಸಿದರೆ ಸೃಷ್ಟಿಕರ್ತನ ಕೈಗೆಲಸಕ್ಕೆ ತಲೆಬಾಗದೆ ಇರಲಾಗದು.

ಈ ಕೋಶಗಳು ಒಂದರೊಡನೊಂದು ಬೆಸೆದುಕೊಂಡು ಬಲೆಯಾಗಿರುವುವೋ, ಇಲ್ಲವೆ ಪ್ರತಿಯೊಂದೂ ಬೇರೆಬೇರೆಯಾಗಿರುವುವೋ ಎಂಬ ವಿಷಯದಲ್ಲಿ ಹಿಂದೆ ದೊಡ್ಡ ವಿವಾದವು ನಡೆಯಿತು. ಇಟಲಿ ದೇಶದ ಕಮಿಲ್ಲೋ ಗಾಲ್ಜಿ ಎಂಬ ವೈದ್ಯರು ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣವೇರಿಸುವ ಉಪಾಯವನ್ನು ಕಂಡುಹಿಡಿದರು. ಅದರ ಗುಣವೇನೆಂದರೆ, ಸಾವಿರಾರು ಕೋಶಗಳಲ್ಲಿ ಕೆಲವು ಮಾತ್ರ ಬಣ್ಣವನ್ನು ಹೀರಿ ಬೇರಿನಿಂದ ಕುಡಿಯವರೆಗೆ ಸ್ಪಷ್ಟವಾಗಿ ಕಾಣಿಸುವುವು. ಗಾಲ್ಜಿಯವರು ಇದನ್ನು ನೋಡಿ ಎಲ್ಲವೂ ಒಂದೇ ಬಲೆಯೆಂದರು. ಸ್ಪೇನ್ ದೇಶದ ಸಾಂತಿಯಾಗೋ ರಾಮೋನ್ ಇ ಕಹಾಲ್ ಎಂಬವರು ಅದೇ ಬಣ್ಣವನ್ನು ಬಳಸಿ, ಹಕ್ಕಿಗಳ ಮಿದುಳನ್ನು ನೋಡಿ, ಕೋಶಗಳು ಒಂದನ್ನೊಂದು ಸಮೀಪಿಸುವುವೇ ಹೊರತು ಬೆಸೆದುಕೊಳ್ಳುವುದಿಲ್ಲವೆಂದು ೧೮೮೮ರಲ್ಲಿ ಪ್ರಕಟಿಸಿದರು. ೧೯೦೬ರಲ್ಲಿ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಿಕೊಟ್ಟಾಗ ಇಬ್ಬರೂ ಒಬ್ಬರಿಗೊಬ್ಬರು ವಿರುದ್ಧವಾದ ಉಪನ್ಯಾಸಗಳನ್ನು ಮಾಡಿದರು. ಕಾಲಕ್ರಮದಲ್ಲಿ ಕಹಾಲ್ ಅವರ ಪಕ್ಷವೇ ನಿಜವೆಂದು ಸ್ಥಿರಪಟ್ಟಿತು. ಇವರು ಬಾಲ್ಯದಲ್ಲಿ ಶಾಲೆಗೆ ಒಗ್ಗದ ತುಂಟ ಹುಡುಗನೆನಿಸಿಕೊಂಡು, ತಂದೆಯಿಂದ ಕ್ಷೌರಿಕನ ಬಳಿಯಲ್ಲಿಯೂ ಚಮ್ಮಾರನ ಬಳಿಯಲ್ಲಿಯೂ ಕೆಲಸ ಕಲಿಯಲು ಬಿಡಲ್ಪಟ್ಟಿದ್ದರೆಂಬ ಸಂಗತಿಯನ್ನು ನಮ್ಮ ಉಪಾಧ್ಯಾಯಿನಿಯರು ನೆನಪಿನಲ್ಲಿಡತಕ್ಕದ್ದು.

ಹಾಗಾದರೆ ಬೆಸೆದುಕೊಳ್ಳದ ಈ ಕೋಶಗಳು ಮಾತಾಡಿಕೊಳ್ಳುವುದು ಹೇಗೆ? ತರಗತಿಯಲ್ಲಿ ಹಾಜರಿ ಕರೆಯುವಾಗ ತನ್ನ ಹೆಸರನ್ನು ಕೇಳಿದ ಹುಡುಗಿಯು “ಹಾಜರು” ಎನ್ನುವಳಷ್ಟೆ. ಆ ಕ್ಷಣಮಾತ್ರದಲ್ಲಿ ಅವಳ ಕಿವಿಯಿಂದ ಮಿದುಳಿಗೂ ಮಿದುಳಿನಿಂದ ನಾಲಿಗೆಗೂ ಸಮಾಚಾರವು ಹರಿದಿರುವುದು. ತಂತುವಿನ ಉದ್ದಕ್ಕೂ ಅದು ವಿದ್ಯುತ್ತಿನ ಅಲೆಯಾಗಿ ಓಡುವುದು. ತಂತುವಿನ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ಸಾಲಾಗಿ ತೆರೆದುಕೊಂಡು, ಹೊರಗಿನ ಸೋಡಿಯಂ ಅಣುಗಳು ಒಳನುಗ್ಗುವುದರಿಂದ ಈ ಅಲೆಯು ಹುಟ್ಟುವುದೆಂದು ಹಾಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಆಂಗ್ಲ ವಿಜ್ಞಾನಿಗಳು ಸಮುದ್ರದ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ತಂತುವಿನಲ್ಲಿ ಪರೀಕ್ಷಿಸಿ ೧೯೫೨ರಲ್ಲಿ ವಿವರಿಸಿದರು. ಕೊಬ್ಬಿನ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಈ ಅಲೆಯು ಸೆಕೆಂಡಿಗೆ ಸುಮಾರು ೧೦೦ ಮೀಟರುಗಳ ವೇಗದಿಂದ ಓಡಬಲ್ಲದು. ಹೊದಿಕೆಯಿಲ್ಲದ ಎಳೆಗಳಲ್ಲಿ ಸುಮಾರು ಒಂದು ಮೀಟರು ಮಾತ್ರ. ಕಾಲು ಕಲ್ಲಿಗೆ ಎಡವಿದಾಗ ತಾಗಿದ್ದು ಒಡನೆಯೇ ತಿಳಿದು, ಮಿಡುಕುವ ನೋವು ತುಸು ತಡೆದು ಬರುವುದಕ್ಕೆ ಇದೇ ಕಾರಣ.

ತಂತುವಿನ ಕೊನೆಗೆ ಬಂದಾಗ ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಒಂದು ಸಂದಿಯುಂಟು. ಅದರ ಅಗಲವು ಮಿಲಿಮೀಟರಿನ ಐವತ್ತುಸಾವಿರದಲ್ಲೊಂದು ಭಾಗ ಮಾತ್ರ. ಆದರೂ ಸಾಮಾನ್ಯವಾಗಿ ವಿದ್ಯುತ್ತಿನ ಅಲೆಯು ಅದನ್ನು ದಾಟಲಾರದು. ಅಲ್ಲಿ ನಡೆಯುವುದೇನೆಂಬುದನ್ನು ಆಸ್ಟ್ರಿಯಾ ದೇಶದ ಗ್ರಾಜ್ ಪಟ್ಟಣದಲ್ಲಿದ್ದ ಆಟೋ ಲೋವಿ ಎಂಬವರು ೧೯೨೧ರಲ್ಲಿ ಪ್ರಕಟಿಸಿದರು. ಪ್ರಯೋಗದ ವಿಧಾನವು ತಮಗೆ ಕನಸಿನಲ್ಲಿ ಹೊಳೆಯಿತೆಂದೂ, ರಾತ್ರಿ ಗೀಚಿಕೊಂಡಿದ್ದನ್ನು ಬೆಳಗ್ಗೆ ತಮಗೇ ಓದಲಾಗಲಿಲ್ಲವೆಂದೂ, ಮರುರಾತ್ರಿ ಮತ್ತೆ ಹೊಳೆದಾಗ ಎದ್ದು ನೇರವಾಗಿ ಪ್ರಯೋಗಶಾಲೆಗೆ ಹೋದೆನೆಂದೂ ಅವರೇ ಹೇಳಿಕೊಂಡಿರುವರು. ಎರಡು ಕಪ್ಪೆಗಳ ಹೃದಯಗಳನ್ನು ಬೇರೆಬೇರೆ ಪಾತ್ರೆಗಳಲ್ಲಿ ಮಿಡಿಯುವಂತೆ ಇಟ್ಟು, ಮೊದಲನೆಯದರ ನರವನ್ನು ಕೆರಳಿಸಿ ಅದರ ಮಿಡಿತವನ್ನು ನಿಧಾನಗೊಳಿಸಿದರು. ಅದರ ಸುತ್ತಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಲು, ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ನರವು ತನ್ನ ತುದಿಯಲ್ಲಿ ಒಂದು ರಸವನ್ನು ಸುರಿಸುವುದೆಂದೂ ಆ ರಸವೇ ಸಮಾಚಾರವನ್ನು ಒಯ್ಯುವುದೆಂದೂ ಇದರಿಂದ ಸಿದ್ಧವಾಯಿತು. ೧೯೩೬ರಲ್ಲಿ ಇವರಿಗೂ ಹೆನ್ರಿ ಡೇಲ್ ಎಂಬವರಿಗೂ ನೊಬೆಲ್ ಬಹುಮಾನವು ದೊರೆಯಿತು. ಎರಡು ವರುಷಗಳ ಮೇಲೆ, ಅವರು ಯೆಹೂದ್ಯರೆಂಬ ಒಂದೇ ಕಾರಣದಿಂದ, ನಾಜಿಗಳು ಅವರನ್ನು ಸೆರೆಯಲ್ಲಿಟ್ಟು, ಬಹುಮಾನದ ಹಣವನ್ನು ಕಿತ್ತುಕೊಂಡು ದೇಶಬಿಡಿಸಿದರು.

ಅದೇ ೧೯೩೮ರಲ್ಲಿ ಇಟಲಿ ದೇಶದಲ್ಲಿಯೂ ಯೆಹೂದ್ಯರನ್ನು ವಿದ್ಯಾಲಯಗಳಿಂದ ಹೊರದೂಡುವ ಕಾನೂನು ಬಂದಿತು. ಟ್ಯೂರಿನ್ ಪಟ್ಟಣದ ರೀಟಾ ಲೆವಿ ಮೊಂಟಾಲ್ಚಿನಿ ಎಂಬ ತರುಣಿಯು ಇದಕ್ಕೆ ಒಳಗಾದರು. ನಮ್ಮ ಬಾಲಕಿಯರು ಈ ಹೆಸರನ್ನು ಬಾಯಿಪಾಠ ಮಾಡಿಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಇವರು ೧೯೦೯ರಲ್ಲಿ ಹುಟ್ಟಿದರು. ಹೆಚ್ಚಿನ ವ್ಯಾಸಂಗವು ಹೆಣ್ಣಿನ ಗೃಹಕೃತ್ಯಕ್ಕೆ ಅಡ್ಡಿಯಾಗುವುದೆಂದು ಇವರ ತಂದೆಯವರು ನಂಬಿದ್ದರು. ಇಪ್ಪತ್ತನೆಯ ವಯಸ್ಸಿನಲ್ಲಿ ಮಗಳು ಬಂದು ಬೇಡಿಕೊಳ್ಳಲು ಕಡೆಗೆ ಒಪ್ಪಿದರು. ೧೯೩೬ರಲ್ಲಿ ಅವರು ವೈದ್ಯ ಪದವಿಯನ್ನು ಪಡೆದರು. ಕಾನೂನು ಬಂದ ಮೇಲೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದರಿಂದ ತಾವು ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಹೊಲಿಗೆಯ ಸೂಜಿಗಳನ್ನು ಸಾಣೆಹಿಡಿದು ಉಪಕರಣಗಳಾಗಿ ಮಾಡಿಕೊಂಡು, ಕೋಳಿಮೊಟ್ಟೆಗಳೊಳಗಿನ ಎಳೆಯ ಪಿಂಡಗಳಲ್ಲಿ ನರಗಳು ಬೆಳೆಯುವ ಬಗೆಯನ್ನು ಪರೀಕ್ಷಿಸತೊಡಗಿದರು. ಬಾಂಬುಗಳು ಬೀಳತೊಡಗಿದಾಗ ಹಳ್ಳಿಯ ಮನೆಗೆ ಹೋಗಿ ಅಲ್ಲಿಯೂ ಈ ಕೆಲಸವನ್ನು ಮುಂದುವರಿಸಿದರು.

ಇವರು ಕಂಡದ್ದನ್ನು ತಿಳಿಯಬೇಕಾದರೆ ನರಗಳು ಬೆಳೆಯುವ ಕ್ರಮವನ್ನು ಸ್ವಲ್ಪ ಅರಿತಿರಬೇಕು. ಗರ್ಭದಲ್ಲಿ ಮಾನವ ಶಿಶುವು ಒಡಮೂಡಿದ ಮೂರನೆಯ ವಾರದಲ್ಲಿ ಬೆನ್ನಿನ ಕಡೆಯ ತೆಳುವಾದ ಪದರವೊಂದು ಮಡಿಚಿಕೊಳ್ಳತೊಡಗಿ, ನಾಲ್ಕನೆಯ ವಾರದ ಕೊನೆಯ ಹೊತ್ತಿಗೆ ನಾಳವಾಗಿ ಮುಚ್ಚಿಕೊಳ್ಳುವುದು. ಮಿದುಳೂ ಬೆನ್ನುಹುರಿಯೂ ಇದರಿಂದಲೇ ಆಗುವುವು. (ಈ ನಾಳವು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲವೆಂಬ ಜೀವಸತ್ವವು ಬಹಳ ನೆರವಾಗುವುದೆಂದು ೧೯೯೧ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಖಚಿತವಾಯಿತು. ತಾನು ಗರ್ಭಿಣಿಯೆಂದು ತಾಯಿಗೆ ತಿಳಿಯುವ ಮೊದಲೇ ಅನೇಕ ವೇಳೆ ಈ ಕಾರ್ಯವು ಮುಗಿದಿರುವುದರಿಂದ, ಹೆಣ್ಣುಮಕ್ಕಳ ತಟ್ಟೆಯಲ್ಲಿ ಸೊಪ್ಪೂ ಕಾಳೂ ಮೊದಲಿನಿಂದಲೇ ಇರಬೇಕು. ಮದುವೆಯಾದವರು ವೈದ್ಯರನ್ನು ಮುಂಚಿತವಾಗಿಯೇ ಕೇಳಬೇಕು.) ಆ ಮೇಲೆ ನರಕೋಶಗಳು ಹುಟ್ಟಿ, ತಮ್ಮ ತಮ್ಮ ಸ್ಥಳಗಳಿಗೆ ಸಾಗಿ, ತಂತುವನ್ನು ಚಾಚುವುವು. ತಂತುವಿನ ತುದಿಯು ಬೆರಳುಗಳುಳ್ಳ ಅಂಗೈಯಂತಿರುವುದನ್ನು ಕಹಾಲ್ ಅವರು ೧೮೯೦ರಲ್ಲಿ ವರ್ಣಿಸಿದರು. ಅವರೆಯ ಬಳ್ಳಿಯ ಕುಡಿಯು ಆಸರೆಯನ್ನು ತಡಕುವಂತೆ ಅದು ತಡಕುತ್ತ ಮುಂದುವರಿಯುವುದು. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಎಂಬವರು ಕಪ್ಪೆಯ ಪಿಂಡದ ನರಕೋಶಗಳನ್ನು ದೇಹದ ಹೊರಗೆ ಒಂದು ಹನಿಯಲ್ಲಿ ಬದುಕಿಸಿ, ಹೀಗೆ ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು.

ಕೋಳಿಪಿಂಡದ ಕಾಲು ಮೂಡತಕ್ಕ ಮೊಗ್ಗನ್ನು ತೆಗೆದುಹಾಕಿದರೆ ಆ ಕಾಲಿಗೆ ಹೋಗಬೇಕಾದ ನರಕೋಶಗಳು ಬೆನ್ನುಹುರಿಯಲ್ಲಿ ಕಡಿಮೆಯಾಗುವುವೆಂದು ಆಗಲೇ ತಿಳಿದಿತ್ತು. ಅವು ಹುಟ್ಟುವುದೇ ಇಲ್ಲವೆಂದು ವಿಕ್ಟರ್ ಹ್ಯಾಂಬರ್ಗರ್ ಎಂಬ ಪ್ರಸಿದ್ಧ ವಿಜ್ಞಾನಿಯು ೧೯೩೪ರಲ್ಲಿ ಊಹಿಸಿದ್ದರು. ಮಲಗುವ ಕೋಣೆಯಲ್ಲಿ ರೀಟಾ ಅವರು ಕಂಡದ್ದು ಬೇರೆ. ಕೋಶಗಳು ಹುಟ್ಟುವುವು, ತಂತುವನ್ನೂ ಚಾಚುವುವು. ಆದರೆ ಆಚೆಯಿಂದ ಏನೂ ದೊರೆಯದೆ ಸಾಯುವುವು. ಯುದ್ಧವು ಮುಗಿದ ಮೇಲೆ ಹ್ಯಾಂಬರ್ಗರ್ ಅವರೇ ಇವರನ್ನು ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣಕ್ಕೆ ಕರೆಸಿಕೊಂಡು, ಸಾಕ್ಷ್ಯವನ್ನು ನೋಡಿ, ಇವರ ಅಭಿಪ್ರಾಯವನ್ನೇ ಒಪ್ಪಿದರು. ೧೯೪೭ರಲ್ಲಿ ಕೆಲವು ತಿಂಗಳುಗಳಿಗೆಂದು ಹೋದವರು ಅಲ್ಲಿ ಸುಮಾರು ಮೂವತ್ತು ವರುಷ ಕೆಲಸಮಾಡಿದರು. ಆಚೆಯಿಂದ ದೊರೆಯತಕ್ಕ ಆ ವಸ್ತುವು ಏನೆಂಬುದನ್ನು ಹುಡುಕುತ್ತ, ೧೯೫೨ರಲ್ಲಿ ಗೆಡ್ಡೆಯುಳ್ಳ ಎರಡು ಇಲಿಗಳನ್ನು ವಿಮಾನದಲ್ಲಿ ತಮ್ಮೊಡನೆ ರಿಯೋ ಡಿ ಜನೈರೋ ಪಟ್ಟಣಕ್ಕೆ ಕೊಂಡೊಯ್ದರು. ಆ ಗೆಡ್ಡೆಯ ಚೂರಿನ ಬಳಿ ಇಟ್ಟ ನರಗಂಟಿನಿಂದ ತಂತುಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಚಿಮ್ಮಿದುವು. ಸ್ಟ್ಯಾನ್ಲಿ ಕೋಹೆನ್ ಎಂಬ ಸಹೋದ್ಯೋಗಿಯು ಆ ಪೋಷಕ ವಸ್ತುವನ್ನು ಬೇರ್ಪಡಿಸಿದರು. ಇದಕ್ಕೆ ನರ್ವ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಇದು ಕೆಲವು ಜಾತಿಯ ನರಕೋಶಗಳನ್ನು ಮಾತ್ರ ಪೋಷಿಸುವುದು. ಬೇರೆ ಜಾತಿಯವಕ್ಕೆ ಬೇರೆ ಪೋಷಕಗಳುಂಟೆಂದು ಆಮೇಲೆ ತಿಳಿಯಿತು. ೧೯೮೬ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ಬಂದಿತು. ರೀಟಾ ಅವರು ೧೦೩ ವರುಷ ಬದುಕಿ ೨೦೧೨ರಲ್ಲಿ ತೀರಿಕೊಂಡರು. ತಂದೆಯ ನೆನಪಿಗಾಗಿ, ಅವಳಿ ಸಹೋದರಿಯಾದ ಪಾವೊಲಾ ಅವರೊಡಗೂಡಿ ೧೯೯೨ರಲ್ಲಿ ಅವರು ಸ್ಥಾಪಿಸಿದ ನಿಧಿಯು ಆಫ್ರಿಕದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಸಹಾಯಮಾಡಿತು. ವ್ಯಾಸಂಗಕ್ಕೆ ಹಿಂಜರಿದು ಒಪ್ಪಿಗೆಯಿತ್ತ ತಂದೆಗೆ ಇದಕ್ಕಿಂತ ಮಿಗಿಲಾದ ಕೃತಜ್ಞತೆಯನ್ನು ಸಲ್ಲಿಸಬಹುದೇ?

ಸಹಜವಾಗಿ ಬೆಳೆಯುವ ಪಿಂಡದಲ್ಲಿಯೂ ಬೆನ್ನುಹುರಿಯ ಚಲನನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಾಯುವುವು. ಇದನ್ನು ಕೇಳಿ, ತರಗತಿಯಲ್ಲಿಯೂ ಅರ್ಧಮಂದಿಯು ಉದುರಿಹೋಗುವುದು ಪ್ರಕೃತಿನಿಯಮವೆಂದು ಯಾರಾದರೂ ವಾದಿಸಿಯಾರು. ಈ ವಾದವನ್ನು ನಾವು ಒಪ್ಪುವುದಿಲ್ಲ. ಕೋಶವು ದೇಹಕ್ಕಾಗಿ ಇರುವುದು. ಬಾಲಕಿಯಾದರೋ ಯಾವ ಶಾಲೆಯ ಫಲಿತಾಂಶಕ್ಕಾಗಿಯೂ ಹುಟ್ಟಿದವಳಲ್ಲ. ಒಂದು ಕುರಿಯನ್ನು ಹುಡುಕುತ್ತ ಹೋದ ಕುರುಬನ ಸಾಮ್ಯವನ್ನು ಪ್ರತಿದಿನ ಪ್ರಾರ್ಥನಾಮಂದಿರದಲ್ಲಿ ಸ್ಮರಿಸುವ ಶಾಲೆಗೆ ಅಂಥ ಲೆಕ್ಕವು ಸಲ್ಲದು. ಕೋಶದಿಂದ ನಾವು ಕಲಿಯತಕ್ಕದ್ದು ಇಷ್ಟೇ: ಸತ್ತ ಕೋಶವನ್ನು ಕಂಡು, ಅದು ಹುಟ್ಟಲೇ ಇಲ್ಲವೆಂದು ತಿಳಿಯಬಾರದು, ಅದಕ್ಕೆ ದೊರೆಯದೆ ಹೋದದ್ದು ಏನೆಂದು ಕೇಳಬೇಕು.

ಇನ್ನು ಕಲಿಕೆಯ ವಿಷಯ. ಎರಿಕ್ ಕ್ಯಾಂಡೆಲ್ ಎಂಬವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನವನ್ನು ತಂದುಕೊಟ್ಟದ್ದು ಅಪ್ಲೀಸಿಯ ಎಂಬ ಕಡಲಬಸವನಹುಳು. ಇದಕ್ಕೆ ಇರುವ ನರಕೋಶಗಳು ಸುಮಾರು ೨೦,೦೦೦ ಮಾತ್ರ. ಇದರ ಬಾಲವನ್ನು ಕೆಲವು ಸಾರಿ ಚುರುಕುಮುಟ್ಟಿಸಿದರೆ ಕೊಂಚ ಕಾಲ ಅದು ಎಚ್ಚರದಿಂದಿದ್ದು ಮರೆಯುವುದು. ಅದೇ ಪಾಠವನ್ನು ನಾಲ್ಕು ದಿನ ಬಿಡುವು ಕೊಟ್ಟು ಕೊಟ್ಟು ಕಲಿಸಿದರೆ ವಾರಗಟ್ಟಲೆ ಜ್ಞಾಪಕದಲ್ಲಿಡುವುದು. ಹಾಗೆ ಕಲಿತ ಪ್ರಾಣಿಯ ನರಕೋಶಗಳನ್ನು ನೋಡಲಾಗಿ, ಒಂದು ಕೋಶವು ಇನ್ನೊಂದರೊಡನೆ ಮಾಡಿಕೊಂಡ ಸಂಧಿಗಳು ಸುಮಾರು ಎರಡರಷ್ಟಾಗಿದ್ದುವು. ತಲೆಗೆ ಹತ್ತುವುದೆಂದರೆ ಇದೇ. ತಂತು ಚಿಗುರಿ, ನೆರೆಯ ಕೋಶವನ್ನು ಮುಟ್ಟಿ, ಸಂಧಿಯು ಬಲಗೊಳ್ಳಬೇಕು. ಇದಕ್ಕೆ ಕಾಲ ಬೇಕು, ಮರುಪಾಠ ಬೇಕು, ನಡುವೆ ವಿಶ್ರಾಂತಿ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಉಸಿರಿಗೆ ಓದುವುದರಿಂದ ಚಿಗುರು ಬಾರದು.

ಎಳೆತನದಲ್ಲಿ ಕಲಿಯದಿದ್ದರೆ ಕಾಲ ಮೀರಿತಲ್ಲವೇ ಎಂದು ಕೆಲವರು ಕೇಳುವರು. ಎಳೆತನದ ಬೆಲೆಯು ದೊಡ್ಡದೆಂಬುದು ನಿಜ. ಆದರೆ ನಮ್ಮ ದೇಶದಲ್ಲಿಯೇ ನಡೆದ ಒಂದು ಕಾರ್ಯವನ್ನು ಇಲ್ಲಿ ಹೇಳಬೇಕು. ಹುಟ್ಟುಕುರುಡರಾದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಕಣ್ಣು ಕೊಡಿಸುವ ಪ್ರಕಾಶ ಯೋಜನೆಯನ್ನು ಪವನ್ ಸಿನ್ಹಾ ಎಂಬ ವಿಜ್ಞಾನಿಯು ದೆಹಲಿಯಲ್ಲಿ ಆರಂಭಿಸಿದರು. ಎಂಟರಿಂದ ಹದಿನೇಳು ವರುಷದೊಳಗಿನ ಐವರು ಮಕ್ಕಳ ವೃತ್ತಾಂತವು ೨೦೧೧ರಲ್ಲಿ ಪ್ರಕಟವಾಯಿತು. ಕಣ್ಣು ಬಂದೊಡನೆ, ಕೈಯಿಂದ ಮುಟ್ಟಿ ಅರಿತಿದ್ದ ವಸ್ತುವನ್ನು ನೋಟದಿಂದ ಗುರುತಿಸಲು ಅವರಿಗೆ ಆಗಲಿಲ್ಲ. ಆದರೆ ಅವರೊಳಗೆ ಮತ್ತೆ ಪರೀಕ್ಷಿಸಲ್ಪಟ್ಟವರು ಕೆಲವೇ ದಿನಗಳಲ್ಲಿ ಅದನ್ನು ಕಲಿತುಕೊಂಡಿದ್ದರು. ಅಷ್ಟು ವರುಷ ವಸ್ತುಗಳ ರೂಪವನ್ನೇ ಕಾಣದ ಮಿದುಳು ಹೀಗೆ ಕಲಿಯಬಲ್ಲದಾದರೆ, ಎಂಟನೆಯ ತರಗತಿಯ ಹುಡುಗಿಗೆ ಭಿನ್ನಾಂಕದ ಲೆಕ್ಕವನ್ನು ಕಲಿಯುವ ಕಾಲವು ಮೀರಿತೆಂದು ಹೇಳುವ ಧೈರ್ಯ ನಮಗಂತೂ ಇಲ್ಲ.

ಕೆಲವು ವರುಷಗಳ ಕೆಳಗೆ ಅಂಥ ಹುಡುಗಿಯೊಬ್ಬಳನ್ನು ಬಿಡಿಸಿ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿಸುವೆನೆಂದು ತಂದೆಯು ವರ್ಗಾವಣೆ ಪತ್ರವನ್ನು ಕೇಳಿದನು. ಆರು ತಿಂಗಳ ಅವಧಿಯನ್ನು ನಾವು ಬೇಡಿಕೊಂಡೆವು. ವಿಚಾರಿಸಲಾಗಿ, ಅವಳು ನಸುಕಿನಲ್ಲಿ ನಾಲ್ಕುವರೆಗೆ ಎದ್ದು ನೀರು ಹೊತ್ತು, ತಮ್ಮಂದಿರಿಗೆ ಊಟ ಕಟ್ಟಿ ಬರುವಳೆಂದು ತಿಳಿಯಿತು. ತಂದೆಯು ಕೆಲಸವನ್ನು ಹುಡುಕಿಕೊಂಡು ಊರಿಂದೂರಿಗೆ ಹೋಗುತ್ತಿದ್ದುದರಿಂದ ಮೂರು ಶಾಲೆಗಳು ಬದಲಾಗಿ, ಭಿನ್ನಾಂಕದ ಪಾಠವು ಎಲ್ಲಿಯೂ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ನಮ್ಮ ಗಣಿತದ ಉಪಾಧ್ಯಾಯಿನಿಯು ಮನೆಯಿಂದ ಹಳೆಯ ಸೇರು, ಪಾವು, ಚಟಾಕುಗಳನ್ನು ತಂದು, ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ, ರಾಗಿಯನ್ನು ಅಳೆಸಿ ಅಳೆಸಿ ಕಲಿಸಿದಳು. ಹತ್ತನೆಯ ತರಗತಿಯ ಗಣಿತದಲ್ಲಿ ಆ ಹುಡುಗಿಗೆ ನಲವತ್ತೊಂದು ಅಂಕಗಳು ಬಂದುವು. ಈ ಸಂಚಿಕೆಯ ಬಹುಮಾನಿತರ ಪಟ್ಟಿಯಲ್ಲಿ ಅವಳ ಹೆಸರಿರದು. ಈಗ ಅವಳು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿರುವಳು. ಅದೇ ವರುಷ ಇನ್ನೊಬ್ಬಳ ತಂದೆಯು ಅವಧಿಯನ್ನು ಕೊಡಲೊಪ್ಪಲಿಲ್ಲ. ಆ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬೇಕಾಯಿತು. ಇಬ್ಬರ ಶಕ್ತಿಯಲ್ಲಿ ಹೆಚ್ಚು ಕಡಿಮೆ ನಮಗೆ ಏನೂ ಕಂಡಿರಲಿಲ್ಲ.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಮಗಳಿಗೆ ಓದು ಬಾರದಿದ್ದರೆ ಮೊದಲು ಅವಳ ನಿದ್ರೆಯನ್ನು ವಿಚಾರಿಸಿರಿ. ಅವಳ ಕಣ್ಣು ಕಿವಿಗಳನ್ನು ಪರೀಕ್ಷೆಮಾಡಿಸಿರಿ. ಬೆಳಗ್ಗೆ ಏನು ತಿಂದು ಬಂದಳೆಂಬುದನ್ನು ನೋಡಿರಿ. ಯಾವ ಪಾಠವು ತಪ್ಪಿಹೋಯಿತೆಂದು ನಮ್ಮನ್ನು ಬಂದು ಕೇಳಿರಿ. ಇವೆಲ್ಲ ಆಗುವವರೆಗೆ ಅವಳ ಎದುರಿನಲ್ಲಿ ಆ ಒಂದು ಮಾತನ್ನು ಆಡಬೇಡಿರಿ. ಬಾಲಕಿಯರೇ, ನೀವಾದರೋ ಇಂದು ಓದಿದ್ದನ್ನು ನಾಳೆಯೂ, ನಾಲ್ಕು ದಿನ ಬಿಟ್ಟೂ ಮರಳಿ ಓದಿರಿ. ತಿಳಿಯದುದನ್ನು ನಾಚದೆ ಕೇಳಿರಿ. ಉಪಾಧ್ಯಾಯಿನಿಯರಾದ ನಾವು ಬೆಳೆಯುವ ತಂತುವಿಗೆ ತಲುಪತಕ್ಕ ಸ್ಥಳವನ್ನು ಸಿದ್ಧಪಡಿಸಿ, ತಾಳ್ಮೆಯಿಂದ ಕಾದಿರಬೇಕು. ಶರೀರದ ಅತ್ಯಲ್ಪವಾದ ಕೋಶಕ್ಕೂ ಪೋಷಣೆಯನ್ನು ಏರ್ಪಡಿಸಿರುವ ದೇವರು ನಮ್ಮ ಶಾಲೆಯ ಹೆಣ್ಣುಮಕ್ಕಳೆಲ್ಲರನ್ನೂ, ಹಾಜರಿ ಪುಸ್ತಕದಲ್ಲಿ ಈಗ ಹೆಸರಿಲ್ಲದವರನ್ನೂ, ಆಶೀರ್ವದಿಸಲಿ.